'ರೆ' ಎಂಬ ಒಂದಕ್ಷರ

ಕನ್ನಡದಲ್ಲಿ ಎಲ್ಲಕ್ಕಿಂತ ಅಗ್ಗದ ಅಕ್ಷರ ಯಾವುದು ಅಂತ ಯಾರಾದರೂ ಕೇಳಿದರೆ ನಾನು 'ರೆ' ಅಂತೀನಿ. ಒಂದು ಕ್ರಿಯಾಪದದ ಬಾಲಕ್ಕೆ ಅದನ್ನು ಅಂಟಿಸಿದರೆ ಸಾಕು, ಸತ್ತವರು ಎದ್ದು ಬರ್ತಾರೆ, ಸೋತವರು ಗೆಲ್ತಾರೆ, ಬಿದ್ದ ಕೋಟೆ ಮತ್ತೆ ನಿಲ್ತದೆ. ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಅದು 'ರ' ಆಗ್ತದೆ: 'ಮಳಿ ಬಂದಿದ್ದರ', 'ರೇಟು ಸಿಕ್ಕಿದ್ದರ', 'ಹಂಗ ಆಗಿದ್ದರ'. ಹಿರಿಯರಿಗೆ ಈ ಅಕ್ಷರದ ಆಟ ಗೊತ್ತಿತ್ತು. ಅದಕ್ಕೇ 'ಆದರೆ ಹೋದರೆ ಹತ್ತಿ ಬೆಳೆದರೆ ಅಜ್ಜಿ ನಿನಗೊಂದು ಪಟ್ಟೆಸೀರೆ' ಅಂತ ಗಾದೆ ಮಾಡಿಟ್ಟರು. ಎರಿ ಹೊಲದಾಗ ಹತ್ತಿ ಬೆಳೆಯೋ ಮಂದಿಗೆ ಈ ಗಾದೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ ಬಂದ ವರ್ಷವೂ ಅಜ್ಜಿಗೆ ಸೀರೆ ಬಂದಿರೋದಿಲ್ಲ.

ಇತಿಹಾಸದ ವಿಷಯಕ್ಕೆ ಬಂದಾಗ ಈ 'ರೆ' ಹಚ್ಚೋದು ಸರಿಯೋ ತಪ್ಪೋ ಅನ್ನೋದು ನನ್ನ ಪ್ರಶ್ನೆ. 'ಆಗದೇ ಇದ್ದದ್ದರ ಬಗ್ಗೆ ಮಾತಾಡಿ ಏನು ಪ್ರಯೋಜನ' ಅಂತ ಕೆಲವರು ಅಂತಾರೆ. 'ಮಾತಾಡೋಕೇನು ರೊಕ್ಕ ಕೊಡಬೇಕಾ' ಅಂತ ಕಟ್ಟೆಯ ಮೇಲೆ ಕೂತವರು ಅಂತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆ ಆಗೋದಿಲ್ಲ. 'ಡ್ರೈವರ್ ಕುಡಿಯದೆ ಇದ್ದಿದ್ದರೆ ಹುಡುಗ ಉಳೀತಿದ್ದ' ಅನ್ನೋ ಒಂದು ವಾಕ್ಯ ಇಲ್ಲದೆ ಯಾವ ಕೋರ್ಟೂ ತಪ್ಪು ಯಾರದು ಅಂತ ಹೇಳಲಾರದು. ಪಶ್ಚಾತ್ತಾಪ, ಕೃತಜ್ಞತೆ, ಜವಾಬ್ದಾರಿ ಮೂರೂ 'ರೆ' ಮೇಲೇ ನಿಂತಿವೆ. ನೀವು ಇರದಿದ್ದರೆ ನಾನು ಓದ್ತಿರಲಿಲ್ಲ ಅಂತ ಮಾಸ್ತರರ ಕಾಲಿಗೆ ಬೀಳೋದೂ ಒಂದು 'ರೆ'ನೇ. ಹಂಗಾಗಿ 'ರೆ' ಬೇಕೋ ಬೇಡವೋ ಅನ್ನೋ ಜಗಳವೇ ಇಲ್ಲ. ಯಾವ 'ರೆ' ಪ್ರಾಮಾಣಿಕ, ಯಾವುದು ಮೋಸದ್ದು ಅಂತ ಗುರುತು ಹಿಡಿಯೋದು ಹೇಗೆ ಅನ್ನೋದಷ್ಟೇ ಉಳಿಯೋದು.

ಆಟದಿಂದಲೇ ಶುರು ಮಾಡೋಣ. ನನ್ನ ವಯಸ್ಸಿನ ಐಟಿ ಮಂದಿ ಶನಿವಾರ ರಾತ್ರಿ ಕೂತು ಆಡೋ ಕಂಪ್ಯೂಟರ್ ಆಟಗಳಲ್ಲಿ 'ಹಾರ್ಟ್ಸ್ ಆಫ್ ಐರನ್' ಅಂತ ಒಂದಿದೆ. ಎರಡನೇ ಮಹಾಯುದ್ಧದ ಕಾಲದ ಜಗತ್ತು, ಆದರೆ ನಡೆಯೋದೆಲ್ಲ ನಿಮ್ಮ ಇಚ್ಛೆ. ಬ್ರಿಟಿಷ್ ಇಂಡಿಯಾವನ್ನೂ ಆರಿಸ್ಕೊಂಡು ಆಡಬಹುದು. ಸಮುದ್ರ ದಾಟಿ ಶತ್ರುವಿನ ದಂಡೆಗೆ ಸೈನ್ಯ ಇಳಿಸಬೇಕಂದ್ರೆ ಬಂದರಿನಿಂದ ದಂಡೆಯ ತನಕ ಒಂದು ಬಾಣ ಎಳೀಬೇಕು. ಇಳಿದ ದಳ ದಂಡೆಯಲ್ಲೇ ಸಿಕ್ಕಿಬಿದ್ದು ನಾಶವಾದರೆ ಪರದೆಯ ಮೇಲೆ 'ಮ್ಯಾನ್‌ಪವರ್' ಅನ್ನೋ ಅಂಕಿ ಒಂದಿಷ್ಟು ಕಡಿಮೆ ಆಗ್ತದೆ. 'ಹೋಗ್ಲಿ ಬಿಡು, ಸೇವ್ ಮಾಡಿದ ಕಡೆಯಿಂದ ಮತ್ತೆ ಶುರು ಮಾಡು' ಅಂತಾನೆ ಪಕ್ಕದಲ್ಲಿ ಕೂತವನು.

ಆಟ ಆಡೋದು ಪಾಪ ಅಂತ ನಾನು ಹೇಳ್ತಿಲ್ಲ. ಚದುರಂಗದಲ್ಲೂ ಆನೆ ಕುದುರೆ ಸಾಯ್ತವೆ, ಯಾರೂ ಸೂತಕ ಹಿಡಿಯೋದಿಲ್ಲ. ಆದರೆ ಆ ಬಾಣ, ಆ ಅಂಕಿ ಯಾರೋ ಸುಮ್ಮನೆ ಕಲ್ಪಿಸಿದ್ದಲ್ಲ. ಹಿಂದೊಮ್ಮೆ ಇಂಥದೇ ಬಾಣವನ್ನು ಯಾರೋ ನಿಜವಾದ ನಕಾಶೆಯ ಮೇಲೆ ಎಳೆದಿದ್ದರು. ಅದರ ಒಂದು ಎಳೆ ನಮ್ಮ ಜಿಲ್ಲೆಗೇ ಬಂದು ಸೇರ್ತದೆ.

1914ರ ನವೆಂಬರ್ 5ರಂದು ಬ್ರಿಟನ್ ತುರ್ಕಿ ಮೇಲೆ ಯುದ್ಧ ಸಾರಿತು. ಮರುದಿನವೇ, ನವೆಂಬರ್ 6ರಂದು, ಭಾರತದಿಂದ ಹೋದ ಸೈನ್ಯ ಪರ್ಷಿಯನ್ ಕೊಲ್ಲಿಯ ತುದಿಯಲ್ಲಿರೋ ಫಾವ್ ಅನ್ನೋ ಕಡೆ ಹಡಗಿನಿಂದ ಇಳಿಯಿತು. ಅಲ್ಲಿಂದ ಸ್ವಲ್ಪ ಮೇಲೆ ಅಬಾದಾನದ ಎಣ್ಣೆ ಕಾರ್ಖಾನೆ ಇತ್ತು. ಅದನ್ನು ಕಾಯೋದು ಒಂದು ಮುಖ್ಯ ಕಾರಣ. ಮೊದಲು ಇಳಿದದ್ದು ಆರನೇ ಪುಣೆ ಡಿವಿಜನ್ನಿನ 16ನೇ ಬ್ರಿಗೇಡ್. ಅದರಲ್ಲಿ 117ನೇ ಮರಾಠಾ ಪಲ್ಟನ್ ಇತ್ತು. ಒಂದು ವಾರದ ಮೇಲೆ ಬಂದ 18ನೇ ಬ್ರಿಗೇಡಿಗೆ ಸೈನ್ಯದ ಕಾಗದಪತ್ರಗಳಲ್ಲಿ ಇನ್ನೊಂದು ಹೆಸರಿತ್ತು: ಬೆಳಗಾವಿ ಬ್ರಿಗೇಡ್. 110ನೇ ಮರಾಠಾ ಲೈಟ್ ಇನ್‌ಫಂಟ್ರಿ, ರಜಪೂತರ ಪಲ್ಟನ್‌ಗಳು, ಇಂಗ್ಲೆಂಡಿನ ನಾರ್ಫೋಕ್ ಪಲ್ಟನ್ ಎಲ್ಲ ಸೇರಿ ಆ ಬ್ರಿಗೇಡ್. ಜೊತೆಗೆ ಇಡೀ ದಂಡಿನ ಹಿಂದೆ ಡೋಲಿ ಹೊರೋರು, ಅಡಿಗೆಯವರು, ನೀರಿನ ಚೀಲದವರು. ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ.

ಮಳೆಯಲ್ಲಿ, ಕೆಸರಲ್ಲಿ ಕಾಲು ಕಿತ್ತಿಡ್ತಾ ಹೋಗಿ ನವೆಂಬರ್ ಮುಗಿಯೋದರೊಳಗೆ ಬಸ್ರಾ ಹಿಡಿದರು. ಕೆಲಸ ಅಲ್ಲಿಗೇ ಮುಗಿಯಬಹುದಿತ್ತು, ಎಣ್ಣೆ ಕಾರ್ಖಾನೆ ಉಳಿದಿತ್ತು. ಆದರೆ ಗೆಲುವು ಸಲೀಸಾಗಿ ಸಿಕ್ಕ ಮೇಲೆ ಬಾಣ ಉದ್ದ ಆಗ್ತಾ ಹೋಯ್ತು. ಬಸ್ರಾದಿಂದ ಕುರ್ನಾ, ಕುರ್ನಾದಿಂದ ಅಮಾರಾ, ಅಮಾರಾದಿಂದ ಕೂತ್, ಕೂತ್‌ನಿಂದ ಬಾಗ್ದಾದಿನ ಕಡೆಗೆ. 1915ರ ನವೆಂಬರಿನಲ್ಲಿ ಬಾಗ್ದಾದಿನ ಹತ್ತಿರದ ಟೆಸಿಫೋನ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಗಾಯಗೊಂಡರು. ಉಳಿದವರು ಹಿಂದೆ ಸರಿದು ಕೂತ್ ಊರಿನಲ್ಲಿ ಸಿಕ್ಕಿಹಾಕ್ಕೊಂಡರು. 147 ದಿನದ ಮುತ್ತಿಗೆ, ಹಸಿವು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಸೆರೆಯ ದಾರಿಯಲ್ಲಿ, ಸೆರೆಯಲ್ಲಿ ಸತ್ತವರೂ ಸಾವಿರಾರು.

ಕೂತ್ ಬಿದ್ದ ಮೇಲೆ ಎರಡು ಥರದ 'ರೆ' ಹುಟ್ಟಿದವು. ನನ್ನ ಇಡೀ ಲೇಖನ ಈ ಎರಡರ ನಡುವಿನ ವ್ಯತ್ಯಾಸದ ಮೇಲೆ ನಿಂತಿದೆ.

ಮೊದಲನೆಯದು ಬ್ರಿಟಿಷ್ ಅಧಿಕಾರಿಗಳ ಬಾಯಿಂದ ಬಂದದ್ದು. ಮುತ್ತಿಗೆಯೊಳಗೆ ಧಾನ್ಯ ಮುಗೀತಾ ಬಂದಾಗ ಕುದುರೆಗಳನ್ನು ಕಡಿದು ತಿನ್ನಬೇಕಾಯ್ತು. ಭಾರತೀಯ ಸಿಪಾಯಿಗಳಲ್ಲಿ ಬಹಳ ಮಂದಿ ಜಾತಿ, ಧರ್ಮದ ಕಾರಣಕ್ಕೆ ಬಹುದಿನ ಅದನ್ನು ಮುಟ್ಟಲಿಲ್ಲ. 'ಅವರು ಮೊದಲೇ ಕುದುರೆ ಮಾಂಸ ತಿಂದಿದ್ದರೆ ಇನ್ನಷ್ಟು ದಿನ ತಡೀಬಹುದಿತ್ತು' ಅನ್ನೋ ಮಾತು ಬಂತು. ಎರಡನೆಯದು ಲಂಡನ್ನಿನಲ್ಲಿ ನೇಮಕವಾದ ಮೆಸೊಪೊಟೇಮಿಯಾ ಆಯೋಗದ್ದು. ಅದು 1917ರಲ್ಲಿ ವರದಿ ಕೊಟ್ಟಿತು. ನದಿಯ ಮೇಲೆ ಸಾಕಷ್ಟು ದೋಣಿ ಕಳಿಸಿದ್ದರೆ, ಗಾಯಾಳುಗಳಿಗೆ ಆಸ್ಪತ್ರೆ ಹಡಗು ಇದ್ದಿದ್ದರೆ, ತಯಾರಿ ಇಲ್ಲದೆ ಬಾಗ್ದಾದಿಗೆ ಹೊರಡದೆ ಇದ್ದಿದ್ದರೆ ಅಂತ ಅದು ಕೇಳಿತು. ಸೇನಾಪತಿ ನಿಕ್ಸನ್ ಅವರಿಂದ ವೈಸರಾಯ್ ಹಾರ್ಡಿಂಜ್ ತನಕ ಹೆಸರು ಹಿಡಿದು ತಪ್ಪು ಹೇಳಿತು. ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು.

ಎರಡೂ 'ರೆ'ಗಳೇ, ವ್ಯಾಕರಣದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ ಒಂದು ಕೆಳಗೆ ಉರುಳಿ ಹಸಿದವನ ತಟ್ಟೆಯಲ್ಲಿ ಬೀಳ್ತದೆ. ಇನ್ನೊಂದು ಮೇಲೆ ಹತ್ತಿ ಬಾಣ ಎಳೆದವನ ಮೇಜಿನ ತನಕ ಹೋಗ್ತದೆ. ಆ ಸಿಪಾಯಿಯ ಕೈಯಲ್ಲಿ ಎಷ್ಟು ಆಯ್ಕೆ ಇತ್ತು? ಕೂತ್‌ಗೆ ಬರೋದೋ ಬೇಡವೋ ಅಂತ ಅವನನ್ನು ಯಾರೂ ಕೇಳಿರಲಿಲ್ಲ. ಅವನದೇ ಅಂತ ಉಳಿದದ್ದು ಬಾಯಿಗೆ ಏನು ಹಾಕ್ಕೊಳ್ತೀನಿ ಅನ್ನೋದೊಂದೇ. ಅದನ್ನೂ ಸೋಲಿಗೆ ಕಾರಣ ಮಾಡಿದರು. ಅತ್ತ ಅವರ ಸೇನಾನಿ ಟೌನ್‌ಷೆಂಡ್ ಇಸ್ತಾಂಬುಲ್ ಹತ್ತಿರದ ದ್ವೀಪದಲ್ಲಿ ಮರ್ಯಾದೆಯ ಸೆರೆಯಲ್ಲಿದ್ದರು. ಸೆರೆಯಲ್ಲಿರುವಾಗಲೇ ಅವರಿಗೆ 'ಸರ್' ಬಿರುದೂ ಬಂತು.

ಇದರಿಂದ ನನಗೆ ಸಿಕ್ಕಿದ್ದು ಎರಡು ಪ್ರಶ್ನೆ. ಯಾವ 'ರೆ' ಕೇಳಿದರೂ ಇವೆರಡನ್ನು ಪಕ್ಕದಲ್ಲಿ ಇಟ್ಕೊಳ್ತೀನಿ. ಒಂದು, ಆ ಹೊತ್ತಿನಲ್ಲಿ ಆಯ್ಕೆ ಯಾರ ಕೈಯಲ್ಲಿತ್ತು? ಎರಡು, ಈ 'ರೆ' ಕೇಳುವವನು ಎಲ್ಲಿ ಕೂತಿದ್ದಾನೆ, ನಕಾಶೆಯ ಮುಂದೋ ದೋಣಿಯ ಒಳಗೋ?

ಈಗ ಕಿತ್ತೂರಿಗೆ ಬನ್ನಿ. ನಮ್ಮ ಭಾಗದಲ್ಲಿ ಅತಿ ಹೆಚ್ಚು ಸಲ 'ರೆ' ಹಚ್ಚಿಸಿಕೊಂಡ ಕಥೆ ಇದು. ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ದತ್ತು ತಗೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಕಾಳಗ ಆಯ್ತು, ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರದೊಳಗೆ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದರು. ಎರಡು ವರ್ಷದ ಮೇಲೆ, 1831ರ ಜನವರಿ 26ರಂದು, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದರು.

ಇಷ್ಟು ಕಥೆಗೆ ನಾಟಕದಲ್ಲಿ, ಲಾವಣಿಯಲ್ಲಿ, ಕಟ್ಟೆಯ ಮೇಲೆ ಕೇಳೋ 'ರೆ' ಒಂದೇ: ದ್ರೋಹಿಗಳು ಮದ್ದಿನೊಳಗೆ ಸಗಣಿ ಬೆರೆಸದೆ ಇದ್ದಿದ್ದರೆ! ರಾಯಣ್ಣನ ವಿಷಯದಲ್ಲೂ ಅಷ್ಟೇ: ಅವನನ್ನು ಹಿಡಿದುಕೊಡದೆ ಇದ್ದಿದ್ದರೆ! ಕೇಳಿದಾಗ ರಕ್ತ ಕುದೀತದೆ, ನನಗೂ ಕುದ್ದಿದೆ. ಆದರೆ ಮೊದಲನೇ ಪ್ರಶ್ನೆ ಹಚ್ಚಿ ನೋಡ್ರಿ. ಪೇಶ್ವೆ ಸೋತ ಮೇಲೆ 1818ರಿಂದ ಈ ಸೀಮೆಯ ಸುತ್ತಲೂ ಕಂಪನಿಯದೇ ರಾಜ್ಯ. ಮದ್ದು ಚೊಕ್ಕಟವಾಗಿದ್ದರೂ ಆ ಡಿಸೆಂಬರಿನಲ್ಲಿ ಬಂದ ಸೈನ್ಯ ಹಿಂದೆ ಹೋಗಿ ಮತ್ತೆ ಬರ್ತಿತ್ತು. ಹಾಗಿದ್ದ ಮೇಲೆ ಇಡೀ ಸೋಲಿನ ಭಾರ ಮದ್ದಿನ ಕೊಠಡಿಯ ಇಬ್ಬರ ತಲೆ ಮೇಲೆ ಹಾಕಿದರೆ ಲಾಭ ಯಾರಿಗೆ? ಕಂಪನಿಗೆ! ಒಂದು ದತ್ತಕವನ್ನು ಒಪ್ಪಿದ್ದರೆ ಇಷ್ಟೆಲ್ಲ ಸಾವು ತಪ್ಪುತ್ತಿತ್ತು ಅನ್ನೋ 'ರೆ' ನಮ್ಮ ನಾಲಿಗೆ ಮೇಲೆ ಬರೋದೇ ಅಪರೂಪ ಆಗಿಬಿಟ್ಟಿದೆ.

ಇನ್ನೊಂದು 'ರೆ' ಇದೆ, ಅದಂತೂ ಕಟ್ಟೆಗೆ ಬರೋದೇ ಇಲ್ಲ. 1818ರಲ್ಲಿ ಕಂಪನಿಯ ಸೈನ್ಯ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೇಸಾಯಿ ಕಂಪನಿಗೆ ನೆರವು ಕೊಟ್ಟಿದ್ದರು. ಆವತ್ತು ಕೊಡದೆ ಇದ್ದಿದ್ದರೆ? ಇದನ್ನು ಕೇಳಿದರೆ ಚೆನ್ನಮ್ಮನ ಮಾನ ಕಡಿಮೆ ಆಗೋದಿಲ್ಲ. ಪೇಶ್ವೆಯ ಕಾಟಕ್ಕೆ ಬೇಸತ್ತ ಸಣ್ಣ ಸಂಸ್ಥಾನಕ್ಕೆ ಆವತ್ತು ಅದೇ ಸರಿ ಅನಿಸಿರಬೇಕು. ಆದರೆ ಆಯ್ಕೆ ಇದ್ದದ್ದು ದೊರೆಗಳ ಕೈಯಲ್ಲಿ ಅನ್ನೋದನ್ನು ಈ ಪ್ರಶ್ನೆ ನೆನಪಿಸ್ತದೆ. ನಮಗೆ ಹಿತವಾದ 'ರೆ' ಮಾತ್ರ ಇಟ್ಕೊಂಡು ಕಸಿವಿಸಿ ಮಾಡೋದನ್ನು ಬಿಟ್ಟರೆ ಅದು ಇತಿಹಾಸದ ವಿಚಾರ ಆಗೋದಿಲ್ಲ, ಅಜ್ಜಿಯ ಪಟ್ಟೆಸೀರೆ ಆಗ್ತದೆ.

'ಹಂಗಾದ್ರ ದ್ರೋಹ ಮಾಡಿದವರು ತಪ್ಪಿತಸ್ಥರು ಅಲ್ಲೇನು?' ಅಂತ ನೀವು ಕೇಳ್ತೀರಿ. ಖಂಡಿತ ಹೌದು. ಆದರೆ ದ್ರೋಹ ತಪ್ಪಾಗಲಿಕ್ಕೆ ಅದರಿಂದಲೇ ಕೋಟೆ ಬೀಳಬೇಕಿಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯುವುದು ಕೋಟೆ ಉಳಿದಿದ್ದರೂ ತಪ್ಪೇ. ಮಾಡಿದ ಕೆಲಸದ ತಪ್ಪು ಬೇರೆ, ಆದ ಪರಿಣಾಮದ ಹೊಣೆ ಬೇರೆ. ಇವೆರಡನ್ನೂ ಒಂದೇ ಗಂಟು ಕಟ್ಟಿದಾಗ ಅನಾಹುತ ಆಗ್ತದೆ. ಸೋಲಿನ ಸಿಟ್ಟೆಲ್ಲ ಒಂದು ಹೆಸರಿಗೆ, ಆ ಹೆಸರಿನ ಊರಿಗೆ, ಆ ಊರಿನ ಒಂದು ಜಾತಿಗೆ ಇಳಿದು ಬರ್ತದೆ. ಇನ್ನೂರು ವರ್ಷದ ಹಿಂದಿನ ಮದ್ದಿನ ಚೀಲ ಇವತ್ತಿನ ವಾಟ್ಸಾಪ್ ಗ್ರೂಪಿನಲ್ಲಿ ಸಿಡೀತದೆ. ಆವತ್ತು ಹುಟ್ಟೇ ಇರದ ಒಬ್ಬ ಹುಡುಗ ಶಾಲೆಯಲ್ಲಿ 'ದ್ರೋಹಿ ಮನೆತನದವ' ಅನಿಸ್ಕೊಳ್ತಾನೆ. ಅವನ ಕೈಯಲ್ಲಿ ಯಾವ ಆಯ್ಕೆ ಇತ್ತು?

ಕೆಲಸದ ಜಾಗದಲ್ಲೂ ಇದನ್ನೇ ನೋಡ್ತೀನಿ. ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆ ಮೀಟಿಂಗಿನಲ್ಲಿ 'ಆ ಹುಡುಗ ಆ ಕಮಾಂಡ್ ಕೊಡದೆ ಇದ್ದಿದ್ದರೆ' ಅಂತ ಯಾರಾದರೂ ಶುರು ಮಾಡ್ತಾರೆ. ಮಾತು ನಿಜವೇ. ಆದರೆ ಒಂದೇ ಕಮಾಂಡಿಗೆ ಎಲ್ಲ ಬೀಳೋ ಹಾಗೆ ಕಟ್ಟಿದವರು ಯಾರು, ಆರು ತಿಂಗಳ ಹೊಸಬನ ಕೈಗೆ ಅದನ್ನು ಕೊಟ್ಟವರು ಯಾರು ಅಂತ ಕೇಳಿದಾಗ ಕೋಣೆ ತಣ್ಣಗಾಗ್ತದೆ. ಮೊದಲ 'ರೆ' ಒಬ್ಬನ ಕೆಲಸ ತೆಗೀತದೆ. ಎರಡನೆಯದು ಮುಂದಿನ ಸಲ ಸರ್ವರ್ ಬೀಳದ ಹಾಗೆ ನೋಡ್ಕೊಳ್ತದೆ.

ನನ್ನ ಎರಡು ಪ್ರಶ್ನೆಗೆ ಎಲ್ಲವೂ ಸಲೀಸಾಗಿ ಬಗೆಹರೀತದೆ ಅಂತ ತಿಳೀಬೇಡಿ. ರಾಮದುರ್ಗ ಇದೆ. ರಾಮದುರ್ಗ, ನರಗುಂದ ಎರಡೂ ಭಾವೆ ಮನೆತನದ ಸಂಸ್ಥಾನಗಳು. 1858ರಲ್ಲಿ ಎರಡೂ ಕಡೆ ಇದ್ದ ದೊರೆಗಳು ಮಲ ಅಣ್ಣತಮ್ಮಂದಿರು. ನರಗುಂದದ ಬಾಬಾಸಾಹೇಬರಿಗೂ ದತ್ತಕದ ಅನುಮತಿ ಸಿಗಲಿಲ್ಲ, ಅವರು ಬಂಡೆದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಹತನಾದ. ಜೂನ್ ಮೊದಲ ವಾರದಲ್ಲೇ ನರಗುಂದ ಬಿತ್ತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯ್ತು. ರಾಮದುರ್ಗದವರು ಬ್ರಿಟಿಷರ ಪಕ್ಷ ಬಿಡಲಿಲ್ಲ. ನರಗುಂದ ಸಂಸ್ಥಾನ ಅಳಿಸಿಹೋಯ್ತು, ರಾಮದುರ್ಗ ಸ್ವಾತಂತ್ರ್ಯ ಬರೋತನಕ ಉಳಿಯಿತು.

'ರಾಮದುರ್ಗ ಕೈಜೋಡಿಸಿದ್ದರೆ?' ಇಲ್ಲಿ ಮೊದಲ ಪ್ರಶ್ನೆಗೆ ಉತ್ತರ ನೇರ: ಆಯ್ಕೆ ದೊರೆಯ ಕೈಯಲ್ಲಿತ್ತು, ಹೊಣೆ ಅವರದು. ಆದರೆ ಎರಡನೇ ಪ್ರಶ್ನೆ ನನ್ನನ್ನು ತಡೀತದೆ. ಅವರು ಕೈಜೋಡಿಸಿದ್ದರೆ ಕೋಟೆಯ ಗೋಡೆ ಮೇಲೆ ನಿಲ್ತಿದ್ದವರು ಮಲಪ್ರಭೆ ದಂಡೆಯ ಒಕ್ಕಲು ಮಕ್ಕಳು. ನರಗುಂದದಲ್ಲಿ ಬಂಡೇಳ್ತೀವಿ ಅಂತಲೂ ಅವರನ್ನು ಯಾರೂ ಕೇಳಿರಲಿಲ್ಲ, ರಾಮದುರ್ಗದಲ್ಲಿ ಸುಮ್ಮನಿರ್ತೀವಿ ಅಂತಲೂ ಕೇಳಿರಲಿಲ್ಲ. ಒಬ್ಬ ದೊರೆಯನ್ನು ವೀರ, ಇನ್ನೊಬ್ಬನನ್ನು ಹೇಡಿ ಅಂತ ಬರೆದು ಮುಗಿಸೋದು ಸುಲಭ. ಬಾಬಾಸಾಹೇಬರು ತಮ್ಮ ಜೀವವನ್ನೂ ಪಣಕ್ಕಿಟ್ಟರು, ಅದಕ್ಕೆ ನಾನು ತಲೆ ಬಾಗ್ತೀನಿ. ಆದರೆ ಇನ್ನೊಬ್ಬರ ಮಕ್ಕಳ ಜೀವ ಪಣಕ್ಕಿಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ರಾಮದುರ್ಗದವರನ್ನು ಹೇಡಿ ಅನ್ನಲಿಕ್ಕೆ ನನ್ನ ನಾಲಿಗೆ ಏಳೋದಿಲ್ಲ. ಇಲ್ಲಿ 'ರೆ' ತೀರ್ಪು ಕೊಡೋದಿಲ್ಲ, ತೂಕ ಎಷ್ಟಿತ್ತು ಅಂತ ತೋರಿಸ್ತದೆ ಅಷ್ಟೇ.

ದೋಣಿಯ ಒಳಗಿನವರು ಎಷ್ಟು ಬೇಗ ಬರೀ ಅಂಕಿ ಆಗಿಬಿಡ್ತಾರೆ ಅನ್ನೋದಕ್ಕೆ ಸಾಕ್ಷಿ ಇರಾಕಿನಲ್ಲಿದೆ. ಮೆಸೊಪೊಟೇಮಿಯಾದಲ್ಲಿ ಸತ್ತು, ಸಮಾಧಿಯೂ ಸಿಗದವರಿಗಾಗಿ ಬಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಸ್ಮಾರಕ ಅದು. ಬ್ರಿಟಿಷ್ ಸಾಮಾನ್ಯ ಸೈನಿಕರ ಹೆಸರು ಕಲ್ಲಿನ ಮೇಲಿವೆ. ಭಾರತೀಯರಲ್ಲಿ ಅಧಿಕಾರಿಗಳ ಹೆಸರಷ್ಟೇ ಇವೆ. ಸಿಪಾಯಿಗಳ ಪಾಲಿಗೆ ಬಂದದ್ದು, ಪಲ್ಟನ್ನಿನ ಹೆಸರಿನ ಕೆಳಗೆ 'ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು' ಅನ್ನೋ ಒಂದು ಸಾಲು. ಇದು ಅನ್ಯಾಯ ಅಂತ ಆ ಸ್ಮಾರಕಗಳನ್ನು ನೋಡ್ಕೊಳ್ಳೋ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ. ಆಟದ ಪರದೆಯ ಮ್ಯಾನ್‌ಪವರ್ ಅಂಕಿಗೂ ಈ ಕಲ್ಲಿನ ಮೇಲಿನ ಅಂಕಿಗೂ ಇರೋ ನಂಟು ನನ್ನನ್ನು ಬಿಡ್ತಾ ಇಲ್ಲ. ಬಾಣ ಎಳೆದವರಿಗೆ ಹೆಸರಿದೆ, ಬಾಣದ ಗುಂಟ ನಡೆದವರಿಗೆ ಮೊತ್ತ ಇದೆ.

ಇದು ಹಳೇ ಕಥೆ ಅಂತ ಬಿಡೋ ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಓಣಿಗೊಂದು 'ಮಿಲಿಟ್ರಿಯವರ ಮನಿ' ಇದೆ. ಬೆಳಗಾವಿಯಲ್ಲಿ ಭರ್ತಿ ಅಂದರೆ ಸುತ್ತಲ ತಾಲೂಕಿನ ಹುಡುಗರು ನಸುಕಿನಲ್ಲೇ ಓಡಲಿಕ್ಕೆ ನಿಲ್ತಾರೆ. ನನ್ನ ಓರಗೆಯ ಒಬ್ಬ ಹಂಗೆ ಓಡಿ ಪಾಸಾದ, ನಾನು ಸಿಇಟಿ ಬರೆದು ಬಿಇಗೆ ಹೋದೆ. ಅವನು ಸೂಟಿಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ಗಡಿಯ ಮಾತು ನಡೆದಿತ್ತು. 'ಇನ್ನೆರಡು ದಿನ ಹೊಡದಿದ್ದರ ಲಾಹೋರ ನಮ್ಮದಾಗತಿತ್ತು' ಅಂತ ಒಬ್ಬರು ಅಂದರು. ಅವನು ಚಹಾ ಕುಡಿದು ಕಪ್ಪು ಕೆಳಗಿಟ್ಟು, 'ಆ ಎರಡ ದಿನ ಯಾರ ಪಾಳಿ ಇತ್ತರೀ ಕಾಕಾ?' ಅಂತ ಕೇಳಿದ. ಸಿಟ್ಟಿಲ್ಲ, ವ್ಯಂಗ್ಯ ಇಲ್ಲ, ಡ್ಯೂಟಿ ಚಾರ್ಟ್ ಕೇಳಿದ ಹಾಗೆ ಕೇಳಿದ. ಯುದ್ಧ ಯಾವಾಗಲೂ ತಪ್ಪು ಅಂತ ಅವನೂ ಹೇಳಲಿಲ್ಲ, ನಾನೂ ಹೇಳ್ತಿಲ್ಲ. ಹೋಗಬೇಕಾದಾಗ ಅವನು ಹೋಗ್ತಾನೆ. ಅವನ ಪಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ನಾವು ಬಾಣ ಎಳೀಬಾರದು, ಅಷ್ಟೇ.

ಕೊನೆಗೆ 'ರೆ'ಗೆ ಇರೋ ಇನ್ನೊಂದು ಉಪಯೋಗ ಹೇಳ್ತೀನಿ. ಅದು ಹಿಂದಕ್ಕೆ ಮಾತ್ರ ನೋಡಬೇಕು ಅಂತ ಏನೂ ಇಲ್ಲ. ಸವದತ್ತಿ ಸೀಮೆಯ ಶಿರಸಂಗಿಯಲ್ಲಿ ಲಿಂಗರಾಜ ದೇಸಾಯಿ ಅಂತ ಇದ್ದರು, 1861ರಿಂದ 1906. ದತ್ತು ಬಂದವರು, ಮಕ್ಕಳಿಲ್ಲದವರು. ಕಿತ್ತೂರನ್ನು, ನರಗುಂದವನ್ನು ಕೆಡವಿದ ವಾರಸುದಾರನ ಪ್ರಶ್ನೆಯೇ ಅವರ ಮುಂದೆಯೂ ಇತ್ತು. ಅವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಅಂತ ಮೃತ್ಯುಪತ್ರ ಬರೆದಿಟ್ಟರು. ಅವರ ಹೆಸರಿನ ಟ್ರಸ್ಟಿನಿಂದ ನೆರವು ಪಡೆದು ಓದಿದವರು ನಮ್ಮ ಭಾಗದಲ್ಲಿ ಎಷ್ಟೋ ಮಂದಿ. ಮೃತ್ಯುಪತ್ರ ಅಂದರೆ 'ನಾನು ಇಲ್ಲದೇ ಹೋದರೆ' ಅನ್ನೋ 'ರೆ' ತಾನೆ? ಆಯ್ಕೆ ಕೈಯಲ್ಲಿದ್ದಾಗಲೇ ಕೇಳಿಕೊಂಡದ್ದು, ಖರ್ಚು ತಮ್ಮ ಗಂಟಿನಿಂದಲೇ ಕೊಟ್ಟದ್ದು. ಆ ಸಲ ಮಾತ್ರ ಅಜ್ಜಿಗೆ ಸೀರೆ ಬಂತು.

ಹಂಗಾಗಿ ಕಟ್ಟೆಯ ಮೇಲೆ ಯಾರಾದರೂ 'ಹಂಗ ಆಗಿದ್ದರ' ಅಂತ ಶುರು ಮಾಡಿದರೆ ಬಾಯಿ ಮುಚ್ಚಿಸಬೇಡಿ. ಮಾತು ಮುಗಿಯೋತನಕ ಕೇಳಿ. ಆಮೇಲೆ, ಆವತ್ತು ಬ್ಯಾಡ ಅನ್ನೋ ಹಕ್ಕು ಯಾರಿಗಿತ್ತು, ಬ್ಯಾಡ ಅನ್ನಲಿಕ್ಕೆ ಬರದವರು ಎಷ್ಟು ಮಂದಿ ಇದ್ದರು ಅಂತ ಕೇಳಿ. ಉತ್ತರ ಸಿಗದಿದ್ದರೂ ಮಾತಿನ ದಾರಿ ಬದಲಾಗ್ತದೆ.